ಮೂರನೆಯ ಭಾಗವನ್ನು ಕೊನೆಗೆ ಹಾಕಿದವಳಿಗೆ

ಕೊಪ್ಪ
೧೨ ಫೆಬ್ರವರಿ ೨೦೨೫, ಬುಧವಾರ

ಅರ್ಪಿತಾ,

ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಬರೆದು, ಹೊಡೆದುಹಾಕಿ, ಹೊಸ ಹಾಳೆ ತೆಗೆದುಕೊಂಡಿದ್ದೇನೆ. ನೀನು ಹೇಗಿದ್ದೀಯ, ನಿನ್ನ ಸುಬ್ಬಮ್ಮತ್ತೆಯ ಕಾಲು ಹೇಗಿದೆ ಎಂಬುದನ್ನೆಲ್ಲ ಆಮೇಲೆ ಕೇಳುತ್ತೇನೆ. ಈಗಲೇ ಕೇಳಿದರೆ ನನ್ನ ಕೋಪ ಆರಿಹೋಗುತ್ತದೆ.

ಒಂದು ವಾರದಿಂದ ನಿನಗೆ ಫೋನ್ ಮಾಡುತ್ತಿದ್ದೇನೆ. ನೀನು ವ್ಯಾಪ್ತಿ ಪ್ರದೇಶದ ಹೊರಗಿದ್ದೀಯ ಎಂದು ಆ ಹೆಂಗಸು ಎಷ್ಟು ಸಮಾಧಾನದಿಂದ ಹೇಳುತ್ತಾಳೆಂದರೆ, ನೀನೇ ಅವಳಿಗೆ ಹೇಳಿಕೊಟ್ಟಿದ್ದೀಯೇನೋ ಅನಿಸುತ್ತದೆ. ನೆಮ್ಮಾರಿನಲ್ಲಿ ನಿನ್ನ ಅತ್ತೆಯ ಮನೆಯ ಹತ್ತಿರ ಸಿಗ್ನಲ್ ಇಲ್ಲ, ಗೊತ್ತು. ಆದರೆ ನೀನು ವಿಡಿಯೊ ಹಾಕಿದ ಮರುದಿನವೇ ಅತ್ತೆ ಅಂಗಳದಲ್ಲಿ ಜಾರಿ ಬೀಳುವುದು, ಅವರನ್ನು ನೋಡಿಕೊಳ್ಳಲು ನೀನು ಕಾಡಿನೊಳಗೆ ಹೊರಟುಹೋಗುವುದು, ಇದು ಬಹಳ ಅನುಕೂಲವಾಯಿತು. ಹಾಗಾಗಿ ಈ ಕಾಗದ. ಕಾರ್ಕಳದ ಬಸ್ಸಿನ ಕಂಡಕ್ಟರ್ ಕುಮಾರ ನೆಮ್ಮಾರಿನ ಅಂಗಡಿಯಲ್ಲಿ ಕೊಟ್ಟುಹೋಗುತ್ತೇನೆ ಎಂದಿದ್ದಾನೆ. ಒಳಗೆ ಎಂತ ಉಂಟು ಎಂದು ಕೇಳಿದ. ಜಗಳ ಎಂದೆ.

ಎಲ್ಲವನ್ನೂ ಮರೆತವಳ ಹಾಗೆ ನೀನು ಆ ವಿಡಿಯೊ ಮಾಡಿದ್ದೀಯ. ಅದಕ್ಕೇ ಮೊದಲಿನಿಂದ ನೆನಪಿಸುತ್ತೇನೆ.

‘ಮಿಸ್ಟರ್ ಲ್ಯಾಚ್’ ಸಿನಿಮಾಗಳನ್ನು ನೋಡೋಣ ಎಂದವಳು ನಾನು, ಸರಿ. ಮುಖಕ್ಕೆ ಗೋಣಿ ಕಟ್ಟಿಕೊಂಡು, ಸೊಂಟಕ್ಕೆ ಬೀಗದಕೈಗಳ ಗೊಂಚಲು ಸಿಕ್ಕಿಸಿಕೊಂಡು, ಮುಚ್ಚಿದ ಬಾಗಿಲು ತೆರೆದು ಬಂದು ಕೊಲ್ಲುವವನು. ಪ್ರತಿ ಭಾಗದ ಕೊನೆಯಲ್ಲೂ ಸಾಯುತ್ತಾನೆ, ಮುಂದಿನ ಭಾಗಕ್ಕೆ ಎದ್ದು ಬರುತ್ತಾನೆ. ಹೀಗೆ ಒಂಬತ್ತು ಸಿನಿಮಾ. ಅವನಿಗೆ ‘ಚಿಲಕಪ್ಪ’ ಎಂದು ಹೆಸರಿಟ್ಟವಳು ಮಾತ್ರ ನೀನು. ಆ ಹೆಸರು ಕೇಳಿ ನಾವಿಬ್ಬರೂ ನಕ್ಕ ನಗುವಿನಲ್ಲೇ ನಮ್ಮ ಚಾನೆಲ್ ಹುಟ್ಟಿತು. ‘ಚಿಲಕ ಹಾಕಿಕೊಳ್ಳಿ’ ಎಂಬ ಹೆಸರು ನನ್ನದು. ನಾನು ಬರೆಯುವುದು, ನೀನು ಕ್ಯಾಮೆರಾದ ಮುಂದೆ ಕೂತು ಮಾತಾಡುವುದು. ಕನ್ನಡದಲ್ಲಿ ಇಂಥ ಸಿನಿಮಾಗಳ ಬಗ್ಗೆ ಸರಿಯಾಗಿ ಮಾತಾಡುವವರೇ ಇಲ್ಲ, ನಾವು ಮಾತಾಡೋಣ ಎಂದುಕೊಂಡೆವು. ನನ್ನ ಹೆಸರು ಬೇಡ ಎಂದು ಹೇಳಿದವಳೂ ನಾನೇ. ಕೊಪ್ಪದ ಪೇಟೆಯಲ್ಲಿ ಅಬ್ಬನ ಹಾರ್ಡ್‌ವೇರ್ ಅಂಗಡಿ, ಬಂದವರೆಲ್ಲ ಇಸಾಕ್ ಸಾಹೇಬರ ಮಗಳು ಸಾಜಿಯಾ ಕೊಲೆಯ ಸಿನಿಮಾ ನೋಡುತ್ತಾಳಂತೆ ಎಂದು ಶುರು ಮಾಡುತ್ತಾರೆ ಎಂದು ಹೆದರಿದ್ದೆ. ಆದರೆ ಹೆಸರು ಬೇಡ ಎಂದೆನೇ ಹೊರತು, ನನ್ನ ಮಾತನ್ನೇ ಬದಲಾಯಿಸು ಎಂದೆನೇ?

ನರಸಿಂಹರಾಜಪುರದ ಸೈಬರ್ ಸೆಂಟರಿನಲ್ಲಿ ನನಗೆ ರಜೆ ಸಿಗುವುದು ಮಂಗಳವಾರ ಒಂದೇ. ವಾರವಿಡೀ ಊರಿನವರ ಜಾತಿ ಪ್ರಮಾಣಪತ್ರ, ಪಹಣಿ, ಪಿಂಚಣಿ ಎಂದು ಟೈಪು ಮಾಡಿ ಬೆರಳು ಸವೆಸಿಕೊಂಡು, ಆ ಒಂದು ದಿನ ಬಸ್ಸು ಹತ್ತಿ ಶೃಂಗೇರಿಗೆ ಬರುತ್ತಿದ್ದೆ. ನಿಮ್ಮ ಲಾಡ್ಜಿನಲ್ಲಿ ಯಾತ್ರಿಕರು ಖಾಲಿ ಮಾಡಿದ ಮೇಲಿನ ಕೋಣೆ, ಗೋಡೆಯ ಟಿವಿ, ನಿನ್ನ ಅಮ್ಮ ಸುಮಿತ್ರಮ್ಮ ಕೊಡುತ್ತಿದ್ದ ಕಾಫಿ. ಸಿನಿಮಾ ಮುಗಿದ ಕೂಡಲೇ ಯಾವುದು ಮೇಲು, ಯಾವುದು ಕೀಳು ಎಂದು ನಾನು ವಾದ ಶುರು ಮಾಡುತ್ತಿದ್ದೆ. ಎರಡನೆಯದು ಮೊದಲನೆಯದರ ಎಂಜಲು. ಐದನೆಯದರಲ್ಲಿ ಹಡಗು ಚೆನ್ನಾಗಿದೆ, ಕತೆ ಇಲ್ಲ. ಏಳನೆಯದರಲ್ಲಿ ಚಿಲಕಪ್ಪನ ಬಾಲ್ಯ ತೋರಿಸಿ ಅವನ ಮೇಲೆ ಮರುಕ ಹುಟ್ಟಿಸಲು ಹೋಗಿ ಹೆದರಿಕೆಯನ್ನೇ ಕೊಂದಿದ್ದಾರೆ. ನೀನು ಎಲ್ಲದಕ್ಕೂ ತಲೆಯಾಡಿಸಿ, ನೀನು ಹೇಳಿದ್ದೇ ಸರಿ ಎನ್ನುತ್ತಿದ್ದೆ. ನನಗೆ ಆಗಲೂ ಸಿಟ್ಟು ಬರುತ್ತಿತ್ತು. ಎದುರು ವಾದಿಸುವವರಿಲ್ಲದೆ ಪಟ್ಟಿ ಮಾಡುವುದೆಂದರೆ ಒಬ್ಬಳೇ ಕೇರಂ ಆಡಿದ ಹಾಗೆ.

ಮೂರನೆಯದರ ಬಗ್ಗೆ ಮಾತ್ರ ನನಗೆ ಅನುಮಾನವೇ ಇರಲಿಲ್ಲ. ಹಿಮದಲ್ಲಿ ಹೂತ ಬಸ್ ನಿಲ್ದಾಣ, ಒಳಗೆ ಇಬ್ಬರೇ ಗೆಳತಿಯರು, ಹೊರಗೆ ಬೀಗದಕೈಗಳ ಸದ್ದು. ಓಟವಿಲ್ಲ, ಕಿರುಚಾಟವಿಲ್ಲ. ಒಬ್ಬಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಇನ್ನೊಬ್ಬಳನ್ನು ಕಿಟಕಿಯಿಂದ ಇಳಿಸುತ್ತಾಳೆ. ಇಳಿದವಳಿಗೆ ಕೊನೆಯವರೆಗೂ ಸುಳ್ಳು ಹೇಳುತ್ತಾಳೆ, ನಾನೂ ಬರುತ್ತಿದ್ದೇನೆ, ನೀನು ನಡಿ ಎಂದು. ಬರುವುದಿಲ್ಲ. ಒಂಬತ್ತರಲ್ಲಿ ನನ್ನನ್ನು ಅಳಿಸಿದ್ದು ಅದೊಂದೇ. ಅದಕ್ಕೆ ಮೊದಲ ಸ್ಥಾನ ಕೊಟ್ಟು, ಯಾಕೆ ಎಂದು ಎರಡು ಪುಟ ಬರೆದುಕೊಟ್ಟೆ. ಆ ಎರಡು ಪುಟಕ್ಕೆ ನಾನು ಪಟ್ಟ ಕಷ್ಟವನ್ನು ಡಿಗ್ರಿ ಪರೀಕ್ಷೆಗೂ ಪಟ್ಟಿರಲಿಲ್ಲ.

ನೀನು ಮಾಡಿದ್ದೇನು? ಮೂರನೆಯದನ್ನು ಒಂಬತ್ತನೆಯ ಸ್ಥಾನಕ್ಕೆ ಇಳಿಸಿದೆ. ಮೊದಲ ಸ್ಥಾನವನ್ನು ಆರನೆಯದಕ್ಕೆ ಕೊಟ್ಟೆ. ಆರನೆಯದಕ್ಕೆ, ಅರ್ಪಿತಾ! ಸಮುದ್ರದ ದಂಡೆಯಲ್ಲಿ ಕುಣಿತವೇ ಅರ್ಧ ಸಿನಿಮಾ. ಚಿಲಕಪ್ಪ ಬಿಸಿಲಿಗೆ ಬೆವರಿ ಗೋಣಿಯೊಳಗಿಂದ ಸೀನುತ್ತಾನೆ. ಸಾಯುವವರು ಎಲ್ಲೋ ಮರೆಯಲ್ಲಿ ಸಾಯುತ್ತಾರೆ. ಅದನ್ನು ಹಾಡಿಹೊಗಳಿ, ನನ್ನ ಎರಡು ಪುಟ ಕಿತ್ತುಹಾಕಿ, ಮೂರನೆಯದರ ಬಗ್ಗೆ ನಿನ್ನದೇ ನಾಲ್ಕು ಮಾತು ಸೇರಿಸಿದೆ. ಕೊನೆಯಲ್ಲಿ ಇಬ್ಬರು ಹುಡುಗಿಯರೂ ಬಸ್ಸು ಹತ್ತಿ ಪಾರಾಗುತ್ತಾರಂತೆ. ಕೆಳಗೆ ಜನ ಬರೆದದ್ದನ್ನು ಓದಿದ್ದೀಯಾ? ಅಕ್ಕ ಸಿನಿಮಾವನ್ನೇ ನೋಡಿಲ್ಲ ಎಂದು ಒಬ್ಬ ಬರೆದಿದ್ದಾನೆ, ಅದರ ಕೆಳಗೆ ನಗುವವರ ಸಾಲು. ಇನ್ಯಾರೋ ಇದನ್ನೆಲ್ಲ ಯಾರು ಬರೆಯುವುದು ಎಂದು ಕೇಳಿದರೆ, ‘ನಾನೇ’ ಎಂದು ಒಂದು ಹೂವಿನ ಚಿತ್ರ ಹಾಕಿದ್ದೀಯ. ಆ ಹೂವು ನೋಡಿ ನನ್ನ ಮೈ ಉರಿಯಿತು.

ಇದು ಇಷ್ಟಕ್ಕೇ ನಿಂತಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಶುಕ್ರವಾರ ಸೈಬರಿನಲ್ಲಿ ಸರ್ವರ್ ಕೈಕೊಟ್ಟು ಬೇಗ ಮನೆಗೆ ಬಂದೆ. ಅಂಗಡಿಯಲ್ಲಿ ಅಬ್ಬ, ಮೇಗುಂದದ ಜಟ್ಟಪ್ಪ ಇಬ್ಬರೂ ಒಂದೇ ಫೋನಿಗೆ ತಲೆ ಬಗ್ಗಿಸಿ ಕೂತಿದ್ದರು. ಜಟ್ಟಪ್ಪ ಪೈಪಿನ ತಿರುವಿಗೆ ಹಾಕುವ ಬೆಂಡು ಕೊಳ್ಳಲು ಬಂದವರು, ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಮರೆತಿದ್ದರು. ಫೋನಿನಲ್ಲಿ ನಿನ್ನ ಧ್ವನಿ. ನಾಲ್ಕನೆಯ ಭಾಗದ ಆಸ್ಪತ್ರೆಯ ದೃಶ್ಯ ನಡೆಯುತ್ತಿತ್ತು, ಚಿಲಕಪ್ಪ ತಲೆಪಿನ್ನಿನಿಂದ ಬೀಗ ತೆಗೆಯುವುದು. ಪೇಟೆಯ ಅಗ್ಗದ ಬೀಗವೂ ಅಷ್ಟು ಸುಲಭಕ್ಕೆ ಬಾಯಿ ಬಿಡುವುದಿಲ್ಲ, ಅದಕ್ಕೂ ಸ್ವಲ್ಪ ಮರ್ಯಾದೆ ಇರುತ್ತದೆ ಎಂದು ನಾನು ಬರೆದಿದ್ದೆನಲ್ಲ, ಆ ಮಾತು. ಅಬ್ಬ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿ ಎಷ್ಟು ಕಾಲವಾಯಿತೋ. ನನ್ನನ್ನು ಕಂಡವರೇ ಫೋನು ತಿರುಗಿಸಿ ತೋರಿಸಿದರು.

“ನೋಡು, ನಿನ್ನ ಜೊತೆ ಓದಿದ ಕೂಸಲ್ದಾ ಇದು? ಎಂಥ ತಲೆ ಮಾರಾಯ್ತಿ ಇದಕ್ಕೆ. ನೀನು ಪ್ರತಿ ವಾರ ಅಲ್ಲಿಗೆ ಹೋಗಿ ಎಂತ ಮಾಡ್ತಿದ್ದೆ, ಕಾಫಿ ಕುಡ್ಕೊಂಡು ಬರ್ತಿದ್ದೆಯಾ?”

ಜಟ್ಟಪ್ಪನೂ ನಕ್ಕರು. ನಾನು ಬ್ಯಾಗನ್ನು ಹೆಗಲಿನಿಂದ ಇಳಿಸದೆ ನಿಂತಿದ್ದೆ. ಯಾರಿಗೆ ಹೆದರಿ ಹೆಸರು ಮುಚ್ಚಿಟ್ಟಿದ್ದೆನೋ ಆ ಮನುಷ್ಯ ನನ್ನ ಮಾತಿಗೇ ನಗುತ್ತಿದ್ದಾರೆ, ನನಗೇ ಬುದ್ಧಿ ಹೇಳುತ್ತಿದ್ದಾರೆ. ಗಿರಾಕಿಯ ಎದುರಿಗೇ ಹೇಳಿಬಿಟ್ಟೆ, ಅದು ನಾನು ಬರೆದದ್ದು ಅಬ್ಬಾ, ಎಲ್ಲಾ ನಾನೇ ಬರೆದದ್ದು ಎಂದು.

ಅಬ್ಬ ಬೈಯಲಿಲ್ಲ. ಅದೇ ಕಷ್ಟವಾಯಿತು. ವಿಡಿಯೊ ಕೊನೆಯವರೆಗೂ ಓಡಿಸಿದರು. ಆಮೇಲೆ, ಸಿನಿಮಾ ನೋಡದವರಿಗೂ ಅನ್ನಿಸುವಂಥ ಪ್ರಶ್ನೆ ಕೇಳಿದರು: ಬಸ್ ಸ್ಟ್ಯಾಂಡಿನ ಕತೆ ಚೆನ್ನಾಗಿರುವ ಹಾಗೆ ಕಾಣುತ್ತದೆ, ಅದನ್ನು ಕೊನೆಗೆ ಯಾಕೆ ಹಾಕಿದೆ? ನಾನು ಮೊದಲನೆಯದಾಗಿ ಹಾಕಿದ್ದೆ, ಅವಳು ಬದಲಾಯಿಸಿದಳು ಎಂದೆ.

“ಹಾಗಾದ್ರೆ ಇದು ನಿಂದಲ್ಲ ಬಿಡು,” ಎಂದು ಫೋನನ್ನು ಜಟ್ಟಪ್ಪನಿಗೆ ವಾಪಸು ಕೊಟ್ಟರು.

ಆ ಮಾತು ನನ್ನನ್ನು ಮೂರು ದಿನ ಕೊರೆಯಿತು. ನಿನ್ನೆ ಮಂಗಳವಾರ. ನಿನ್ನ ಜೊತೆ ಮುಖಾಮುಖಿ ಜಗಳವಾಡಿಯೇ ಬಿಡುತ್ತೇನೆ ಎಂದು ಬೆಳಗಿನ ಬಸ್ಸು ಹತ್ತಿದೆ. ಜಯಪುರ ದಾಟುವಷ್ಟರಲ್ಲಿ ಆಡಬೇಕಾದ ಮಾತುಗಳೆಲ್ಲ ಬಾಯಿಪಾಠವಾಗಿದ್ದವು. ಲಾಡ್ಜಿಗೆ ಬಂದರೆ ನೀನಿಲ್ಲ. ಅತ್ತೆ ಬಿದ್ದದ್ದು, ನೀನು ನೆಮ್ಮಾರಿಗೆ ಹೋದದ್ದು ಆಗ ತಿಳಿಯಿತು. ಸುಮಿತ್ರಮ್ಮ ಹೊದಿಕೆಗಳನ್ನು ಮಡಚುತ್ತಿದ್ದರು. ಸುಮ್ಮನೆ ನಿಲ್ಲಲಾರದೆ ನಾನೂ ಒಂದು ತುದಿ ಹಿಡಿದೆ. ನಿಮ್ಮ ಮಗಳು ಎಂಥ ಕೆಲಸ ಮಾಡಿದಳು ಗೊತ್ತೇ ಎಂದು ಶುರು ಮಾಡಿ, ಚಿಲಕಪ್ಪನ ಹೆಸರು ಎತ್ತಿದೆನೋ ಇಲ್ಲವೋ, ಅವರೇ ನನ್ನ ಮೇಲೆ ತಿರುಗಿಬಿದ್ದರು.

“ಆ ದರಿದ್ರ ಸಿನಿಮಾ ಸಾಕು ಮಾಡಿ ಮಾರಾಯ್ತಿ. ನಮ್ಮನೆ ಕೂಸು ಸಂಜೆಯಾದ್ರೆ ಬಚ್ಚಲಿಗೆ ಹೋಗಕ್ಕೂ ನನ್ನನ್ನು ಬಾಗ್ಲಲ್ಲಿ ನಿಲ್ಲಿಸ್ತದೆ. ಬೀಗದಕೈ ಸದ್ದಾದ್ರೆ ಬೆಚ್ಚಿ ಬೀಳ್ತದೆ. ಲಾಡ್ಜ್ ನಡೆಸೋರ ಮನೇಲಿ ಬೀಗದಕೈ ಸದ್ದಾಗದೆ ಇರ್ತದಾ? ಬಿಡು ಅಂದ್ರೆ ಬಿಡೂದಿಲ್ಲ. ಸಾಜಿಯಾ ಒಬ್ಬಳೇ ನೋಡ್ಬೇಕಾಗ್ತದೆ ಅಮ್ಮಾ ಅಂತದೆ.”

ನನ್ನ ಕೈಯಲ್ಲಿದ್ದ ಹೊದಿಕೆಯ ತುದಿ ಜಾರಿತು. ಅವರು ಮತ್ತೆ ಮೊದಲಿನಿಂದ ಮಡಚಿದರು. ನೀನು ಪ್ರತಿ ಮಂಗಳವಾರ ಅಡುಗೆಮನೆಗೆ ಬಂದು ಎಂತದೂ ಕೆಲಸವಿಲ್ಲದೆ ಒಲೆಯ ಪಕ್ಕ ನಿಂತಿರುತ್ತಿದ್ದೆಯಂತೆ. ನನ್ನ ಹತ್ತಿರ ಮಾತ್ರ, ಹಾಲು ಉಕ್ಕುತ್ತದೆ, ನೋಡಿ ಬರುತ್ತೇನೆ ಎನ್ನುತ್ತಿದ್ದೆ. ಸಿನಿಮಾದ ಅತ್ಯಂತ ಮುಖ್ಯ ಗಳಿಗೆಗೇ ನಿನಗೆ ಹಾಲಿನ ನೆನಪಾಗುತ್ತದೆಂದು ನಾನು ಎಷ್ಟು ಸಲ ಬೈದಿದ್ದೇನೆ. ಬೈದಾಗಲೂ ನೀನು ಬಾಯಿ ಬಿಡಲಿಲ್ಲವಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನಿನ್ನ ಕ್ರಮವನ್ನು ಮತ್ತೊಮ್ಮೆ ಮನಸ್ಸಿಗೆ ತಂದುಕೊಂಡೆ. ಮೊದಲು ಆರನೆಯದು, ಪೂರ್ತಿ ಹಾಡಹಗಲು. ಆಮೇಲೆ ಏಳನೆಯದು, ಚಿಲಕಪ್ಪ ಇನ್ನೂ ಪುಟ್ಟ ಮಗು. ಆಮೇಲೆ ಐದನೆಯದು, ಹಡಗಿನಲ್ಲಿ ಸದಾ ದೀಪಗಳು. ಹೀಗೇ ಇಳಿಯುತ್ತಾ ಹೋದರೆ ಕತ್ತಲೆ ಹೆಚ್ಚುತ್ತಾ ಹೋಗುತ್ತದೆ. ಕಟ್ಟಕಡೆಗೆ ಮೂರನೆಯದು, ಇಡೀ ಸಿನಿಮಾ ಕತ್ತಲೆ ಮತ್ತು ಬೀಗದಕೈಗಳ ಸದ್ದು. ನೀನು ಕಣ್ಣು ಬಿಟ್ಟು ನೋಡಿದ್ದನ್ನೆಲ್ಲ ಮೇಲೆ ಹಾಕಿ, ಮುಚ್ಚಿಕೊಂಡದ್ದನ್ನು ಕೆಳಗೆ ಹಾಕಿದ್ದೀಯ. ಹುಚ್ಚುಕ್ರಮ ಎಂದುಕೊಂಡಿದ್ದೆ. ನಿನ್ನ ಮಟ್ಟಿಗೆ ಅದಕ್ಕಿಂತ ಪ್ರಾಮಾಣಿಕವಾದ ಪಟ್ಟಿ ಇನ್ನೊಂದಿಲ್ಲ. ಇಬ್ಬರೂ ಬಸ್ಸು ಹತ್ತಿದರು ಎಂಬುದು ಮಾತ್ರ ನೀನು ಕಣ್ಣು ಮುಚ್ಚಿಕೊಂಡು ಬಯಸಿದ್ದು.

ನನಗೆ ಈಗ ಎಷ್ಟು ಕಿರಿಕಿರಿಯಾಗಿದೆ ಗೊತ್ತಾ? ಸರಿಯಾಗಿ ಕೋಪ ಮಾಡಿಕೊಳ್ಳುವುದಕ್ಕೂ ನೀನು ಬಿಡಲಿಲ್ಲ. ಬಾಯಿಪಾಠ ಮಾಡಿದ ಮಾತುಗಳೆಲ್ಲ ಹಾಗೇ ಉಳಿದಿವೆ. ಒಂದು ದಿನ, ಒಂದೇ ಒಂದು ದಿನ, ನನಗೆ ಹೆದರಿಕೆಯಾಗುತ್ತದೆ ಸಾಜಿಯಾ ಎಂದು ಹೇಳಿದ್ದರೆ ಏನಾಗುತ್ತಿತ್ತು? ತುಂಗೆಯ ದಂಡೆಯಲ್ಲಿ ಕೂತು ಮೀನಿಗೆ ಮಂಡಕ್ಕಿ ಹಾಕುತ್ತಿದ್ದೆವು. ನನಗೆ ಬೇಕಾದದ್ದು ಆ ಮಂಗಳವಾರ. ಅದಕ್ಕೆ ಒಂಬತ್ತು ಸಿನಿಮಾದ ಬೆಲೆ ತೆರಬೇಕು ಎಂದು ನಿನಗೆ ಯಾರು ಹೇಳಿದರು?

ಆದರೆ ಒಂದು ವಿಷಯಕ್ಕೆ ನಿನ್ನನ್ನು ಬಿಡುವುದಿಲ್ಲ. ‘ನಾನೇ’ ಎಂದು ಬರೆದೆಯಲ್ಲ, ಅದು ಹೆದರಿಕೆಯಿಂದ ಬಂದದ್ದಲ್ಲ. ಅದನ್ನು ಅಳಿಸಿ ನನ್ನ ಹೆಸರು ಹಾಕು. ಸಾಜಿಯಾ, ಕೊಪ್ಪ, ಎಂದು. ನಿನ್ನ ವಿಡಿಯೊ ತೆಗೆಯಬೇಡ, ನಿನ್ನ ಕ್ರಮ ಹಾಗೇ ಇರಲಿ. ನನ್ನ ಕ್ರಮವನ್ನು ನಾನೇ ಮಾತಾಡಿ ಬೇರೆ ವಿಡಿಯೊ ಮಾಡುತ್ತೇನೆ. ರಾತ್ರಿ ಊಟಕ್ಕೆ ಕೂತಾಗ ಅಬ್ಬನಿಗೂ ಹೇಳಿದೆ. ಅಂಗಡಿಯ ಹೆಸರು ಮಾತ್ರ ಎತ್ತಬೇಡ ಎಂದರು. ಬೆಳಿಗ್ಗೆ ಬಾಗಿಲು ತೆಗೆಯುವಾಗ, ಎತ್ತಿದರೂ ನಷ್ಟವೇನಿಲ್ಲ ಎಂದು ತಾವೇ ಸೇರಿಸಿದರು. ಅಮ್ಮಿ ಮಾತ್ರ ನನ್ನ ಜೊತೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ನೋಡೋಣ.

ನೀನು ಇನ್ನು ಮುಂದೆ ಇವನ್ನು ನೋಡಬೇಕಾಗಿಲ್ಲ. ಇದು ಸಿಟ್ಟಿನ ಮಾತಲ್ಲ. ಹತ್ತನೆಯ ಭಾಗ ಬರುತ್ತದಂತೆ, ಅದನ್ನು ನಾನು ಒಬ್ಬಳೇ ನೋಡಿ ಬರೆಯುತ್ತೇನೆ. ನಿನಗೆ ಕಣ್ಣು ಬಿಟ್ಟು ನೋಡಲಾಗುವ ಸಿನಿಮಾಗಳ ಬಗ್ಗೆ ನೀನು ಮಾತಾಡು. ನಿನ್ನ ಧ್ವನಿ ಚೆನ್ನಾಗಿದೆ, ಅದನ್ನು ಹೇಳದಿದ್ದರೆ ಸುಳ್ಳಾಗುತ್ತದೆ.

ಸುಬ್ಬಮ್ಮತ್ತೆಯ ಕಾಲಿನ ಪಟ್ಟಿ ಯಾವಾಗ ಬಿಚ್ಚುತ್ತಾರೆ? ಅವರಿಗೆ ನನ್ನ ನಮಸ್ಕಾರ ಹೇಳು. ಅವರು ನಿಜವಾಗಿ ಬಿದ್ದದ್ದು ಎಂದು ಈಗ ನಂಬಿದ್ದೇನೆ.

ಇನ್ನೂ ಸಿಟ್ಟಿನಲ್ಲಿರುವ,
ಸಾಜಿಯಾ

ಮರೆತಿದ್ದೆ: ಹೊಸ ವಿಡಿಯೊಕ್ಕೆಂದು ಇವತ್ತು ಮಧ್ಯಾಹ್ನ ಮೂರನೆಯದನ್ನು ಮತ್ತೆ ಹಾಕಿಕೊಂಡು ಕೂತಿದ್ದೆ. ಕೆಲಸಕ್ಕೆ ಚಕ್ಕರ್ ಹೊಡೆದು, ಕಿಟಕಿಗಳನ್ನೆಲ್ಲ ತೆರೆದಿಟ್ಟು, ಒಬ್ಬಳೇ. ಹುಡುಗಿಯರು ಇನ್ನೂ ಬಸ್ಸಿಗೆ ಕಾಯುತ್ತಾ ಕಡಲೆಕಾಯಿ ತಿನ್ನುತ್ತಿದ್ದರು, ಚಿಲಕಪ್ಪ ಬಂದೇ ಇರಲಿಲ್ಲ. ನನ್ನ ಕೈಯಲ್ಲಿ ಆಗಲಿಲ್ಲ, ಆರಿಸಿಬಿಟ್ಟೆ. ಒಂಬತ್ತನ್ನೂ ನಾನು ಧೈರ್ಯವಾಗಿ ನೋಡಿದೆ ಎಂದುಕೊಂಡಿದ್ದೆ ಅರ್ಪಿತಾ. ಕೋಣೆಯಲ್ಲಿ ನೀನು ಇರುತ್ತಿದ್ದೆ, ಅಷ್ಟೇ.