ಊದುವವನ ಕೆನ್ನೆ

ಬ್ಯಾಂಡಿನ ಕೋಣೆಯಿಂದ,
ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಭಾವ ಈಗಲಾದರೂ ಬೆಳಗಿನ ಚಹಾ ತಾವೇ ಮಾಡಿಕೊಳ್ಳುತ್ತಾರೋ, ಇಲ್ಲ ಇನ್ನೂ ನಿನ್ನ ದಾರಿ ಕಾಯುತ್ತಾರೋ? ನಾನು ಚೆನ್ನಾಗಿದ್ದೇನೆ ಎಂದು ಬರೆಯಹೊರಟೆ, ಪೆನ್ನು ನಿಂತಿತು. ಆ ಸಾಲು ಬಿಟ್ಟುಬಿಡುತ್ತೇನೆ.

ನನ್ನ ಎಡಗಿವಿಯ ಕೆಳಗಿನ ಗಂಟು ನಿನಗೆ ಗೊತ್ತೇ ಇದೆ. ನೋವಿಲ್ಲ, ನವೆಯಿಲ್ಲ, ಎಷ್ಟೋ ವರ್ಷದಿಂದ ಕರೆಯದೆ ಬಂದ ನೆಂಟನ ಹಾಗೆ ಕೂತಿದೆ. ಟ್ರಂಪೆಟ್ ಊದಿ ಊದಿ ಬಂದದ್ದೆಂದೇ ನಾವೆಲ್ಲ ನಂಬಿದ್ದೆವು. "ಊದೋನ ಗುರುತು ಕಣೋ ಇದು, ಹೆಮ್ಮೆಪಡು" ಎನ್ನುತ್ತಿದ್ದರು ನಮ್ಮ ಬ್ಯಾಂಡ್ ಮಾಸ್ತರರು. ನಾನೂ ಪೆದ್ದನ ಹಾಗೆ ಹೆಮ್ಮೆಪಟ್ಟೆ. ಈಚೆಗೆ ಮೇಲಿನ ಸ್ವರ ಹಿಡಿದಾಗಲೆಲ್ಲ ಬಾಯಿಯ ಎಡಮೂಲೆಯಿಂದ ಗಾಳಿ ಸೋರತೊಡಗಿತು. ತಪ್ಪು ವಾದ್ಯದ್ದೆಂದುಕೊಂಡು ಬಾಯಿಗಿಡುವ ತುಂಡನ್ನೇ ಬದಲಾಯಿಸಿದೆ. ಸೋರುವುದು ನಿಲ್ಲಲಿಲ್ಲ. ಕೊನೆಗೆ ನನ್ನವಳು ಬೈದು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಗಂಟನ್ನು ಒತ್ತಿದರು, ಬಾಯೊಳಗೆ ಬೆರಳಿಟ್ಟು ನೋಡಿದರು. ಊದಿ ಊದಿ ಗಾಳಿ ತುಂಬಿದ್ದಾಗಿದ್ದರೆ ಮೆತ್ತಗಿರುತ್ತಿತ್ತಂತೆ. ಇದು ಗಟ್ಟಿ, ಜೊಲ್ಲು ಸುರಿಸುವ ಗ್ರಂಥಿಯಲ್ಲಿ ಬೆಳೆದ ಗೆಡ್ಡೆ. "ಇಲ್ಲಿ ಬರೋ ಗೆಡ್ಡೆ ಹೆಚ್ಚಿನವು ಏನೂ ಮಾಡಲ್ಲ. ಆದ್ರೆ ತುಂಬಾ ವರ್ಷ ಹಾಗೇ ಬಿಟ್ರೆ ಕೆಲವು ಕೆಟ್ಟು ಕ್ಯಾನ್ಸರ್ ಆಗ್ತವೆ" ಎಂದರು. ಹುಬ್ಬು ಎತ್ತಿಸಿದರು, ಕಣ್ಣು ಬಿಗಿಯಾಗಿ ಮುಚ್ಚಿಸಿದರು. ಆಮೇಲೆ "ಕೆನ್ನೆ ಉಬ್ಬಿಸಿ" ಎಂದರು. ಅಕ್ಕಾ, ಬದುಕಿಡೀ ಅದೊಂದನ್ನೇ ಮಾಡಿದವನು ನಾನು! ಉಬ್ಬಿಸಿದರೆ ಎಡಮೂಲೆ ಪುಸ್ಸೆಂದಿತು. ನನಗೆ ನಗು ಬಂತು, ಅವರಿಗೆ ಬರಲಿಲ್ಲ. ಮುಖವನ್ನು ಆಡಿಸುವ ನರ ಆ ಗ್ರಂಥಿಯ ನಡುವೆಯೇ ಹಾದುಹೋಗುತ್ತದಂತೆ, ಅದು ಸೋತಿದೆಯೆಂದರೆ ಒಳ್ಳೆಯ ಲಕ್ಷಣವಲ್ಲವಂತೆ. ಸ್ಕ್ಯಾನ್ ಮಾಡಿಸಿದರು, ಸಣ್ಣ ಸೂಜಿ ಚುಚ್ಚಿ ಗಂಟಿನೊಳಗಿನದನ್ನು ಪರೀಕ್ಷೆಗೆ ಕಳಿಸಿದರು.

ನಿನ್ನೆ ಫಲಿತಾಂಶ ಬಂತು. ಕೆಟ್ಟದ್ದೇ. ನನ್ನವಳು ಅತ್ತಳು. ನನಗೆ ಅಳು ಬರಲಿಲ್ಲ, ಭಯವೂ ಆಗಲಿಲ್ಲ. ಪಕ್ಕದ ಮನೆಯವರ ಸುದ್ದಿ ಕೇಳಿದ ಹಾಗಿತ್ತು. ಡಾಕ್ಟರಮ್ಮನ ಮೇಜಿನ ಮೇಲೆ ಸೊಟ್ಟಗಿದ್ದ ಕ್ಯಾಲೆಂಡರನ್ನು ನೇರಮಾಡಿಟ್ಟು ಎದ್ದುಬಂದೆ. ಇವತ್ತು ಇಲ್ಲಿ ಕೂತು ಎಲ್ಲರ ವಾದ್ಯಗಳನ್ನೂ ಒರೆಸಿದೆ, ನನ್ನದೊಂದನ್ನು ಬಿಟ್ಟು.

ಭಾವನಿಗೆ ನಮಸ್ಕಾರ ಹೇಳು. ಮಕ್ಕಳಿಗೆ ಈ ಮಾಮನ ಮುದ್ದು.

ನಿನ್ನ ತಮ್ಮ,
ಪೀಪಿ

ಮರೆತಿದ್ದೆ: ಮುಂದಿನ ಶುಕ್ರವಾರ ಆಪರೇಷನ್. ಗೆಡ್ಡೆಯ ಜೊತೆ ಆ ನರವನ್ನೂ ತೆಗೆಯಬೇಕಂತೆ, ಆಮೇಲೆ ಊದಲಾಗುವುದಿಲ್ಲ. ಪತ್ರ ಸಿಕ್ಕ ತಕ್ಷಣ ಫೋನ್ ಮಾಡು. ಮಾತು ಬೇಡ. ಚಿಕ್ಕಂದಿನಲ್ಲಿ ನಾನು ಊದುತ್ತಿದ್ದ ಹಾಡನ್ನು ದಿಂಬು ಎಸೆದು ನಿಲ್ಲಿಸುತ್ತಿದ್ದೆಯಲ್ಲ, ಅದನ್ನೇ ಊದುತ್ತೇನೆ. ಗಾಳಿ ಸೋರುತ್ತದೆ. ಈ ಸಲ ಪೂರ್ತಿ ಕೇಳು.