ಜಾಕೆಟ್ಟಿನ ಹೊಟ್ಟೆ

ಮುರಗೋಡ, ೧೨ ನವೆಂಬರ್ ೨೦೨೫, ಬುಧವಾರ

ಬಿಚ್ಚಿ ಹೊಲಿದು ಬೆರಳು ಉರಿಯುತ್ತಿವೆ. ಬೆಟ್ಟ ಹತ್ತುವವರು ತೊಟ್ಟು ಬಿಟ್ಟ ಜಾಕೆಟ್ಟುಗಳಿಗೆ ತೇಪೆ ಹಚ್ಚಿ ಮತ್ತೆ ಮಾರಾಟಕ್ಕೆ ಕಳಿಸುವುದು ನಮ್ಮ ಕೆಲಸ. ಹೋದ ವಾರ ಕಳಿಸಿದ ಹನ್ನೆರಡೂ ಇವತ್ತು ವಾಪಸ್ ಬಂದವು. ತೇಪೆಯೊಳಗೆ ರೊಟ್ಟಿ ಚೂರು ಸಿಕ್ಕಿತಂತೆ!

ಹೊಲಿದವಳು ಸಿದ್ದಲಿಂಗವ್ವ. ಜೀವಮಾನವೆಲ್ಲ ಹಳೆ ಸೀರೆಗಳ ಕೌದಿ ಹೊಲಿದವಳು. ಕೊನೆಯ ತೇಪೆಯೊಳಗೆ ರೊಟ್ಟಿ ಇಟ್ಟೇ ಮುಚ್ಚುವುದು ಆಕೆಯ ರೂಢಿ.

"ಇದು ಕೌದಿ ಅಲ್ಲಬೇ ಯವ್ವಾ!" ಎಂದು ರೇಗಿದೆ.

"ಹಳೀದು ಮತ್ತೊಬ್ಬರ ಮೈಮ್ಯಾಲೆ ಹೊಂಟೈತಿ. ಖಾಲಿ ಹೊಟ್ಟೀಲೆ ಹ್ಯಾಂಗ ಕಳಸೂದ ತಂಗಿ?"

ಇಬ್ಬರೂ ಕೂತು ಹನ್ನೊಂದರ ಚೂರು ತೆಗೆದೆವು. ಹನ್ನೆರಡನೆಯದರಲ್ಲಿ ಏನೂ ಇರಲಿಲ್ಲ. "ಇದಕ್ಕ ಇಡೂದ ಮರತೇನಿ" ಎಂದಳು, ಮುಖ ಸಣ್ಣದು ಮಾಡಿ.

ಉಳಿದವು ಒಂದು ವಾರವಾದರೂ ಉಂಡಿದ್ದವು. ಇದೊಂದು ಉಪವಾಸ. ಎಂಥ ಹುಚ್ಚು ನನ್ನದು! ಬುಟ್ಟಿಯಲ್ಲಿ ಅರ್ಧ ರೊಟ್ಟಿ ಉಳಿದಿದೆ, ನಾಳೆ ಜಾಕೆಟ್ಟುಗಳ ಗಂಟು ಕಟ್ಟುವ ಮೊದಲು ಇದರ ತೇಪೆಯೊಳಗೆ ಒಂದು ಚೂರು ಇಟ್ಟು ಹೊಲಿಯಬೇಕು.