ಮಂಗರವಳ್ಳಿ ಚಟ್ನಿ ಒಂದೇ ಹೊತ್ತು ಸಾಕು

ಎಲೆಕ್ಟ್ರಾನಿಕ್ ಸಿಟಿ, ಮಂಗಳವಾರ

ಶಾಂಭವಕ್ಕಾ, ಕೈ ಮುರಿದುಕೊಂಡು ಕೂತಿರೋ ನಿನಗೆ ತಮ್ಮನ ನಮಸ್ಕಾರ. ಫೋನ್ ಮಾಡಿದರೆ ಭಾವ ಎತ್ತುತ್ತಾರೆ, ಅದಕ್ಕೇ ಕಾರ್ಡು.

ನಾನು ಎರಡು ಮೂಟೆ ಮಂಗರವಳ್ಳಿ ತಂದುಕೊಟ್ಟ ಲ್ಯಾಬಿನಲ್ಲಿ, ಅದರ ಸಾರವನ್ನು ಮೂಳೆ ಕಟ್ಟುವ ಜೀವಕೋಶಗಳಿಗೆ ಹಾಕಿ ನೋಡುತ್ತಾರೆ. ಸಣ್ಣ ತಟ್ಟೆಯೊಳಗೇ ಅವುಗಳ ಸಂಸಾರ. ಬಳ್ಳಿ ಮುಟ್ಟಿ ಕೈ ತುರಿಸಿಕೊಳ್ಳುತ್ತಿದ್ದ ಅಲ್ಲಿನ ಬಿಂದುಶ್ರೀ ಮೇಡಂಗೆ ಹುಣಿಸೆಹಣ್ಣು ತಿಕ್ಕಿಕೊಳ್ಳಿ ಅಂದೆ. ತುರಿಕೆ ನಿಂತ ಖುಷಿಗೆ ತಟ್ಟೆಗಳನ್ನು ತೋರಿಸಿದರು. ಒಂದು ಹನಿ ಸಾರ ಕುಡಿದ ಕೋಶಗಳು ಮೂಳೆಯ ಹಾಗೆ ಸುಣ್ಣ ಕಟ್ಟಿದ್ದವು. ಆ ಸುಣ್ಣ ಕಾಣಲೆಂದು ಬಣ್ಣ ಹಾಕಿದರೆ ಕುಂಕುಮದಷ್ಟು ಕೆಂಪು. ಎಂಟು ಹನಿ ಹಾಕಿದ ತಟ್ಟೆ ಮಾತ್ರ ಬಿಳಿಚಿಕೊಂಡಿತ್ತು.

"ಇದರಲ್ಲಿ ಇನ್ನೂ ಗಟ್ಟಿ ಮೂಳೆ ಇರಬೇಕಲ್ವಾ ಮೇಡಂ?" ಅಂದೆ.

"ಇಲ್ಲ ಅಣ್ಣ, ಜಾಸ್ತಿ ಆಗಿ ಎಲ್ಲಾ ಸತ್ತೋಗಿವೆ."

"ನಮ್ಮಕ್ಕ ಮೂರು ಹೊತ್ತೂ ಇದರ ಚಟ್ನಿ ತಿಂದು, ಮೂರೇ ವಾರಕ್ಕೆ ಪ್ಲಾಸ್ಟರ್ ಬಿಚ್ಚಿಸ್ತಾಳಂತೆ!"

"ಅಯ್ಯೋ! ತಟ್ಟೇಲಿ ಆಗಿದ್ದು ಮನುಷ್ಯರಲ್ಲೂ ಆಗುತ್ತಾ ಅಂತ ನಮಗೇ ಇನ್ನೂ ಗೊತ್ತಿಲ್ಲ. ಯಾವ ಪುಣ್ಯಾತ್ಮ ಹೇಳಿದ್ದು ಅವರಿಗೆ?"

ನಿನಗೆ ಹೇಳಿದ್ದು ನಾನೇ ಅಲ್ವಾ, ಖಾಲಿ ಚೀಲ ಮಡಚಿಕೊಂಡು ಹೊರಟುಬಿಟ್ಟೆ.

ಚಟ್ನಿ ಒಂದು ಹೊತ್ತಿಗೆ ಇಳಿಸು, ಅದನ್ನೂ ಡಾಕ್ಟರನ್ನು ಕೇಳಿ ತಿನ್ನು. ಈ ಅಮಾವಾಸ್ಯೆ ಕಳೆದ ಕೂಡಲೇ ಪ್ಲಾಸ್ಟರ್ ಬಿಚ್ಚಿಸೋ ಯೋಚನೆ ಬಿಡು. ಪೂರಾ ಆರು ವಾರ ಇರಲಿ. ಮೊದಲ ದಿನವೇ ಭಾವ ಹೇಳಿದ್ದು ಅದನ್ನೇ. ಅವರು ಹೇಳಿದ್ದೇ ಸರಿ ಅಂತ ಒಪ್ಪಿಕೊಳ್ಳೋಕೆ ಕಾರ್ಡಿನಲ್ಲಿ ಜಾಗವೇ ಸಾಲದಿರಲಿ ಅಂತ ದಪ್ಪಕ್ಷರದಲ್ಲಿ ಬರೆದೆ. ಹಾಳಾದ್ದು, ಆದರೂ ಎರಡು ಸಾಲಿನ ಜಾಗ ಉಳಿದುಬಿಟ್ಟಿತು.

ಬಸ್ ಬಂತು.
ರೇವಣಸಿದ್ದ